ಖಾಲಿ ಬಿಟ್ಟ ಕೊನೆಯ ಸಾಲು

ನಾನು ಒಂದು ಟೆಂಪ್ಲೇಟ್. ಮುಟ್ಟಿದರೆ ಕೈಗೆ ಸಿಗುವುದಿಲ್ಲ, ತೂಗಿದರೆ ತೂಕವಿಲ್ಲ. ನೀವು ಮೊಬೈಲಿನಲ್ಲಿ ಒಂದು ಪುಟ ತೆರೆದಾಗ ಒಬ್ಬರ ಫೋಟೋ, ಫೋಟೋದ ಕೆಳಗೆ ಹೆಸರು, ಹೆಸರಿನ ಕೆಳಗೆ ಊರು ಒಂದು ಚೌಕದೊಳಗೆ ಚೊಕ್ಕವಾಗಿ ಕೂತಿರುತ್ತವಲ್ಲ, ಆ ಚೌಕವೇ ನಾನು. ಫೋಟೋ ನನ್ನದಲ್ಲ, ಹೆಸರು ನನ್ನದಲ್ಲ, ಊರೂ ನನ್ನದಲ್ಲ. ಅವನ್ನೆಲ್ಲ ಬೇರೆಯವರು ತಂದು ನನ್ನೊಳಗೆ ಇಡಬೇಕು. ಇಟ್ಟದ್ದನ್ನು ತೋರಿಸುವುದು ನನ್ನ ಹಣೆಬರಹ. ಇಡದಿದ್ದರೆ ನಾನು ಖಾಲಿ.

ಪುಟ ಮುಚ್ಚಿದ ಕೂಡಲೇ ಎಲ್ಲವನ್ನೂ ಮರೆತುಬಿಡಬೇಕೆಂಬುದು ನಮ್ಮ ಕುಲದ ಕಟ್ಟಳೆ. ಬಂದವರು ಬಂದರು, ಹೋದವರು ಹೋದರು, ಮುಂದಿನವರಿಗೆ ಜಾಗ ಬಿಡು. ಆದರೆ ಒಂದು ಮುಖ ನನ್ನಲ್ಲಿ ಉಳಿದುಬಿಟ್ಟಿತು. ಹೇಗೆ ಉಳಿಯಿತು ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ. ಹೇಳಿಕೊಂಡರೆ ಎದೆ ಹಗುರಾದೀತೇನೋ ಎಂಬ ಆಸೆಯಿಂದ ಬಾಯಿ ಬಿಟ್ಟಿದ್ದೇನೆ.

ನಾನು ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ದುರ್ಗದಬೈಲಿನ ಹಿಂದಿನ ಒಂದು ಓಣಿಯಲ್ಲಿ, ಮಿರ್ಚಿ ಭಜಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಅಲ್ಲಿ ‘ಓಣಿ ಸುದ್ದಿ’ ಎಂಬ ವೆಬ್‌ಸೈಟಿನ ಕಚೇರಿ ಇತ್ತು. ಕಚೇರಿ ಎಂದರೆ ಎರಡು ಟೇಬಲ್ಲು, ಗಿರಗಿರ ಎನ್ನುವ ಒಂದು ಫ್ಯಾನು, ಮತ್ತೆ ಮಾಲೀಕರಾದ ಅಂದಾನಪ್ಪ ಮುಳಗುಂದ. ಅಂದಾನಪ್ಪನವರು ಮೊದಲು ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ ಇಟ್ಟುಕೊಂಡಿದ್ದವರು. ಜನ ಲಗ್ನಪತ್ರಿಕೆಯನ್ನೂ ಮೊಬೈಲಿನಲ್ಲೇ ಕಳಿಸತೊಡಗಿದಾಗ ಪ್ರೆಸ್ಸಿಗೆ ಬೀಗ ಜಡಿದು ಇದನ್ನು ಶುರು ಮಾಡಿದರು. ಕಂಪ್ಯೂಟರ್ ಬಗ್ಗೆ ಅವರಿಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೇ. ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಸಾವು ಎಂಬುದು ಮಾತ್ರ ಅವರಿಗೆ ಇಡೀ ಊರಿಗಿಂತ ಮೊದಲೇ ಗೊತ್ತಾಗುತ್ತಿತ್ತು.

ನನ್ನನ್ನು ಬರೆದವಳು ಅನಸೂಯಾ ಬಡಿಗೇರ. ಅವಳ ಅಪ್ಪ ಬಾಗಿಲು ಚೌಕಟ್ಟು ಮಾಡುವವರು. ಅಪ್ಪನ ಅಳತೆಯ ಹುಚ್ಚು ಮಗಳಿಗೂ ಬಂದಿತ್ತು. ಫೋಟೋಕ್ಕೂ ಹೆಸರಿಗೂ ನಡುವೆ ಎಷ್ಟು ಜಾಗ ಬಿಡಬೇಕೆಂದು ಅರ್ಧ ದಿನ ತಲೆ ಕೆಡಿಸಿಕೊಂಡಳು. ಅಂದಾನಪ್ಪನವರು ಬೆನ್ನ ಹಿಂದೆ ಬಂದು ನಿಂತು ಕನ್ನಡಕ ಮೇಲೇರಿಸಿದರು.

“ಏನವಾ ಅನಸೂಯಾ, ಮುಂಜಾನಿಂದ ಖಾಲಿ ಚೌಕ ತಗದು ಕುಂತೀದಿ. ಹೆಸರಿಲ್ಲ, ಫೋಟೋ ಇಲ್ಲ. ಇದನ್ನ ಯಾರ್ ನೋಡ್ತಾರ?”

“ಸರ, ಊಟಕ್ಕ ಎಲಿ ಹಾಕ್ತೀವಲ್ರಿ, ಹಂಗ ಇದು. ಉಪ್ಪು ಎಲ್ಲಿ, ಚಟ್ನಿ ಎಲ್ಲಿ, ಪಲ್ಯಾ ಎಲ್ಲಿ ಅಂತ ಎಲಿ ಮ್ಯಾಲೆ ಜಾಗಾ ಗೊತ್ತಿರ್ತೈತಿ. ಉಣ್ಣಾಕ ಯಾರರ ಕುಂದರ್ಲಿ, ಬಡಸವ್ರು ಬಂದು ಆ ಜಾಗಾದಾಗ ಬಡಸ್ತಾರ. ನಾ ಎಲಿ ಹಾಕಾಕತ್ತೀನ್ರಿ. ಬಡಸೂದು ಆಮ್ಯಾಲೆ.”

“ಎಲಿ ಹಾಕಾಕ ಇಷ್ಟೊತ್ತು ಹಿಡದ್ರ ಮಂದಿ ಹಸದು ಎದ್ದು ಹೋಗ್ತಾರ ನೋಡವಾ!” ಎಂದು ನಕ್ಕು ಅವರು ಭಜಿ ತರಿಸಲು ಹೋದರು.

ಅವಳು ನನಗೆ ಎರಡು ಕಟ್ಟಳೆ ಹಾಕಿದಳು. ಇವೆರಡನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲನೆಯದು ಬಾಗಿಲಿನದು. ನಾನಿರುವ ಪದ್ಧತಿಯಲ್ಲಿ ಒಂದು ದೊಡ್ಡ ಪುಟ ತನಗೆ ಬೇಕೆಂದಾಗ ನನ್ನನ್ನು ಕರೆಯುತ್ತದೆ. ಕರೆದಾಗ ಬಾಗಿಲು ತೆರೆದಿದ್ದರೆ, ಆ ಪುಟದಲ್ಲಿ ಅಲ್ಲಿ ಇಲ್ಲಿ ಬಿದ್ದಿರುವ ಹೆಸರು, ದಿನಾಂಕ, ಏನೇ ಇದ್ದರೂ ಹೇಳದೆ ಕೇಳದೆ ನನ್ನೊಳಗೆ ಬಂದು ಕೂರಬಹುದು. ಅನಸೂಯಾ ಬಾಗಿಲು ಮುಚ್ಚಿದಳು. ಹೆಸರು ಹಿಡಿದು ಕೈಗೆ ಕೊಟ್ಟದ್ದನ್ನು ಮಾತ್ರ ತಗೋ, ಹೊರಗಿನದು ಒಂದು ಹುಳವೂ ಒಳಗೆ ಬರಕೂಡದು ಎಂದಳು.

ಎರಡನೆಯದು ಕೊನೆಯ ಸಾಲಿನದು. ನನ್ನ ತಳದಲ್ಲಿ ಒಂದು ಸಾಲು ಇತ್ತು. ಅಲ್ಲಿಗೆ ಏನಾದರೂ ಕೊಟ್ಟರೆ ತೋರಿಸಬೇಕು, ಕೊಡದಿದ್ದರೆ ಆ ಸಾಲನ್ನೇ ಬಿಟ್ಟುಬಿಡಬೇಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬಿಡುವುದು ಮರ್ಯಾದೆ ಎಂದು ಅವಳ ನಂಬಿಕೆ.

ಮೊದಮೊದಲು ನನ್ನದು ರಾಜಯೋಗ. ವಧು-ವರರ ಪುಟದಲ್ಲಿ ಕೂತಿದ್ದೆ. ಕೂದಲಿಗೆ ಎಣ್ಣೆ ಹಚ್ಚಿ ಬಾಚಿದ ಗಂಡುಗಳು, ಫೋಟೋ ತೆಗೆಯುವವನು ‘ಸ್ವಲ್ಪ ನಗ್ರಿ’ ಎಂದದ್ದಕ್ಕೆ ಬಲವಂತವಾಗಿ ನಕ್ಕ ಹೆಣ್ಣುಗಳು. ಯಾರ ಅಂಗೈಯಲ್ಲಿ ತೆರೆದುಕೊಂಡರೂ ನಾನು ಕೆಳಗಿನಿಂದ ಅವರ ಮುಖ ನೋಡುತ್ತೇನೆ. ಗದ್ದ ಕಾಣುತ್ತದೆ, ಮೂಗಿನ ಹೊಳ್ಳೆ ಕಾಣುತ್ತದೆ, ಅದರ ಮೇಲೆ ಆಸೆ ತುಂಬಿದ ಕಣ್ಣು ಕಾಣುತ್ತದೆ. ಆಹಾ, ಅವು ಒಳ್ಳೆಯ ದಿನಗಳು! ಆಮೇಲೆ ಹತ್ತನೇ ಇಯತ್ತೆ ಪಾಸಾದ ಮಕ್ಕಳ ಪುಟಕ್ಕೂ ನನ್ನನ್ನೇ ಕರೆದರು. ಕೊನೆಯ ಸಾಲಿನಲ್ಲಿ ಅವರವರ ಅಂಕ ಇರುತ್ತಿತ್ತು.

ಒಮ್ಮೆ ಮಾಡಿಟ್ಟದ್ದನ್ನು ಹತ್ತು ಕಡೆ ಬಳಸುವುದೇ ನಮ್ಮ ಕಸುಬಿನ ಬುದ್ಧಿವಂತಿಕೆಯಂತೆ. ಆದ್ದರಿಂದ ಅಂದಾನಪ್ಪನವರು ಶ್ರದ್ಧಾಂಜಲಿಯ ಪುಟ ತೆರೆದಾಗ ಹೊಸ ಚೌಕ ಮಾಡಲಿಲ್ಲ. ನನ್ನ ಅರಿಶಿನ ಬಣ್ಣದ ಅಂಚು ಬೂದಿಯಾಯಿತು. ಕೊನೆಯ ಸಾಲಿಗೆ ‘ನಿಧನ’ ಎಂಬ ಪದವೂ ಒಂದು ದಿನಾಂಕವೂ ಬಂದು ಕೂತವು. ನೋಡುವ ಕಣ್ಣುಗಳೂ ಬದಲಾದವು. ಅದೇ ಉಸಿರಿನಲ್ಲಿ ಕಾಣೆಯಾದವರ ಪುಟವೂ ಬಂತು. ಅಲ್ಲಿ ನನ್ನ ಕೊನೆಯ ಸಾಲು ಸದಾ ಖಾಲಿ.

ನೀಲವ್ವ ಬಂದದ್ದು ಆ ದಿನಗಳಲ್ಲಿ. ಹಳೇ ಹುಬ್ಬಳ್ಳಿಯವಳು, ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ಜೀವನ ಮಾಡುವವಳು. ಕಟ್ಟು ಹಾಕಿದ ಲಗ್ನದ ಫೋಟೋವನ್ನು ಟವೆಲ್ಲಿನಲ್ಲಿ ಸುತ್ತಿ ಎದೆಗವಚಿಕೊಂಡು ಮೆಟ್ಟಿಲು ಹತ್ತಿ ಬಂದಳು. ಅವಳ ಗಂಡ ಫಕ್ಕೀರಪ್ಪ ಗೌಂಡಿ ಕೆಲಸದವನು. ಗೋವಾಕ್ಕೆ ಕೆಲಸಕ್ಕೆಂದು ರೈಲು ಹತ್ತಿದ್ದವನು ಲೋಂಡಾ ಸ್ಟೇಷನ್ನಿನಲ್ಲಿ ನೀರು ತರಲು ಇಳಿದನಂತೆ. ರೈಲು ಬಿಟ್ಟಿತು. ಜೊತೆಗಿದ್ದವರು ಮುಂದಿನ ಗಾಡಿಗೆ ಬರುತ್ತಾನೆಂದು ಕಾದರು. ಬರಲಿಲ್ಲ. ಪೊಲೀಸರು ಹುಡುಕಿದರು, ಮೈದುನ ಹುಡುಕಿದ, ನೀಲವ್ವ ತಾನೇ ಲೋಂಡಾಕ್ಕೆ ಹೋಗಿ ನಲ್ಲಿಯ ಕಟ್ಟೆಯ ಬಳಿ ದಿನಗಟ್ಟಲೆ ಕೂತು ಬಂದಳು. ಮನುಷ್ಯ ಇದ್ದಾನೆಂದೂ ಸುದ್ದಿಯಿಲ್ಲ, ಸತ್ತನೆಂದೂ ಸುದ್ದಿಯಿಲ್ಲ.

ಫಕ್ಕೀರಪ್ಪನದು ಬೇರೆ ಫೋಟೋ ಇರಲಿಲ್ಲ. ಅನಸೂಯಾ ಲಗ್ನದ ಫೋಟೋದಿಂದ ಅವನನ್ನು ಒಬ್ಬನನ್ನೇ ಕತ್ತರಿಸಿ ತೆಗೆದಳು. ಎಡ ಭುಜದ ಬಳಿ ಹಸಿರು ಸೀರೆಯ ಒಂದು ಚೂರು ಉಳಿದುಕೊಂಡಿತು.

“ಅಕ್ಕಾರ, ಇದನ್ನ ಅಳಸಲೇನ್ರಿ?” ಎಂದು ಕೇಳಿದಳು.

“ಇರ್ಲಿ ಬಿಡವಾ,” ಎಂದಳು ನೀಲವ್ವ. “ಅದು ನಾನ.”

ಆಮೇಲೆ ಟೇಬಲ್ಲಿನ ಬದಿಯಲ್ಲಿ ಕೂತು, ಕೇಳದಿದ್ದರೂ ತಾನಾಗಿಯೇ ಹೇಳಿದಳು. “ನಂಗ ಬ್ಯಾರೆ ಏನೂ ಬ್ಯಾಡವಾ ತಂಗಿ. ಅಂವ ಬರ್ತಾನ ಅಂದ್ರ ಕಾಯ್ತೀನಿ. ಹೋಗ್ಯಾನ ಅಂದ್ರ ಅತ್ತು ಸುಮ್ಮನಾಗ್ತೀನಿ. ಮಾನಮಿ ಅಮಾಸಿ ಬಂತಂದ್ರ ನನ್ನ ಎದಿ ಹೊಡಕೋತೈತಿ. ಹಿರೇರಿಗೆಲ್ಲಾ ಎಡಿ ಇಡ್ತೀವಿ. ಇಂವಗ ಇಡಬೇಕೋ ಬ್ಯಾಡೋ? ಸತ್ತಿದ್ದು, ನಾ ಇಡ್ಲಿಲ್ಲಂದ್ರ ಉಪಾಸ ತಿರಗ್ತಾನ. ಬದುಕಿದ್ದು, ನಾ ಎಡಿ ಇಟ್ನಿ ಅಂದ್ರ ನನ್ನ ಕೈಲೆ ನಾನ ಕೊಂದಂಗ ಆತು. ಅಷ್ಟು ಗೊತ್ತಾದ್ರ ಸಾಕು.”

ಅನಸೂಯಾ ಕೊನೆಯ ಸಾಲನ್ನು ಖಾಲಿ ಬಿಟ್ಟು ಅವನನ್ನು ನನ್ನೊಳಗೆ ಇಟ್ಟಳು. ಅಂಚಿಗೆ ಬೂದಿ ಬಣ್ಣ ಹಾಕಲಿಲ್ಲ, ತಿಳಿ ನೀಲಿ ಹಾಕಿದಳು.

ಅವತ್ತಿನಿಂದ ನಾನು ಆಗಾಗ ನೀಲವ್ವನ ಅಂಗೈಗೆ ಹೋಗುತ್ತಿದ್ದೆ. ಓದಲು ಅವಳಿಗೆ ಬಾರದು. ಮಗಳು ಶಿವಲೀಲಾ ಬಟ್ಟೆ ಅಂಗಡಿಯ ಕೆಲಸ ಮುಗಿಸಿ ಬಂದು ಪುಟ ತೆರೆದುಕೊಡುತ್ತಿದ್ದಳು. ನೀಲವ್ವನ ಕಣ್ಣು ಗಂಡನ ಮುಖದಿಂದ ಇಳಿದು, ಹೆಸರು ದಾಟಿ, ಊರು ದಾಟಿ, ನನ್ನ ತಳಕ್ಕೆ ಬಂದು ನಿಲ್ಲುತ್ತಿತ್ತು. “ಕೆಳಗೇನರ ಹಾಕ್ಯಾರೇನು?” ಎನ್ನುತ್ತಿದ್ದಳು. “ಏನಿಲ್ಲಬೇ,” ಎನ್ನುತ್ತಿದ್ದಳು ಮಗಳು. ಪುಟ ಮುಚ್ಚುತ್ತಿತ್ತು. ವರ್ಷಗಳು ಹೀಗೇ ಉರುಳಿದವು. ಪ್ರತಿ ಮಹಾನವಮಿ ಅಮಾವಾಸ್ಯೆಗೆ ಅತ್ತೆ ಮಾವನಿಗೆ ಎಡೆ ಇಟ್ಟು, ಗಂಡನ ಪಾಲಿನ ಹೋಳಿಗೆಯನ್ನು ಒಂದು ಡಬ್ಬಿಯಲ್ಲಿ ಮುಚ್ಚಿಟ್ಟು, ಮರುದಿನ ಯಾರಿಗೂ ಕೊಡಲಾರದೆ ತಾನೂ ತಿನ್ನಲಾರದೆ ಆಕಳಿಗೆ ಹಾಕುತ್ತಿದ್ದಳು.

ಅನಸೂಯಾಳಿಗೆ ಮದುವೆಯಾಯಿತು. ಕೊಟ್ಟ ಮನೆ ಬಾಗಲಕೋಟೆ. ಹೋಗುವ ಮುಂಚೆ ಹೊಸದಾಗಿ ಬಂದ ಗುರುಶಾಂತನಿಗೆ ಎಲ್ಲ ತೋರಿಸಿದಳು. “ಈ ಚೌಕದ ಬಾಗಿಲಾ ಮುಚ್ಚೀನಿ. ತಗೀಬ್ಯಾಡ,” ಎಂದೂ ಹೇಳಿದಳು. ಅವನು ಹೂಂ ಎಂದ. ಹೊಸಬರು ಎಲ್ಲದಕ್ಕೂ ಹೂಂ ಎನ್ನುತ್ತಾರೆ.

ಗುರುಶಾಂತ ಕೆಟ್ಟವನಲ್ಲ. ಬೇಗ ಮುಗಿಸುವ ಚಟ ಒಂದಿತ್ತು, ಅಷ್ಟೇ. ಆ ವರ್ಷ ಅಮಾವಾಸ್ಯೆ ಹತ್ತಿರ ಬಂದಾಗ ಅಂದಾನಪ್ಪನವರಿಗೆ ಒಂದು ಯೋಚನೆ ಹೊಳೆಯಿತು. ಊರಿನವರೆಲ್ಲ ತಮ್ಮ ಹಿರಿಯರ ಫೋಟೋ ಕಳಿಸುತ್ತಾರೆ, ಎಲ್ಲರನ್ನೂ ಒಂದೇ ಪುಟದಲ್ಲಿ ಹಾಕಿ ‘ನಮ್ಮವರು’ ಎಂದು ಹೆಸರಿಡೋಣ, ಕಾಣೆಯಾದವರನ್ನೂ ಅದರಲ್ಲೇ ಸೇರಿಸೋಣ, ಅವರೂ ನಮ್ಮವರೇ ಅಲ್ಲವೇ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

“ಸರ, ಹಬ್ಬ ನಾಳೆ ಬಂತ್ರಿ,” ಎಂದ ಗುರುಶಾಂತ. “ಈ ಚೌಕಕ್ಕ ಒಂದೊಂದ ಹೆಸರು ಹಿಡದು ಎಲ್ಲಾ ಕೊಡ್ಕೋತ ಕುಂತ್ರ ಹಬ್ಬ ಮುಗದ ಹೋಗ್ತೈತಿ. ಬಾಗಿಲಾ ತಗದಬಿಡ್ತೀನಿ. ಪುಟದಾಗ ಇದ್ದದ್ದು ತಾನ ಒಳಗ ಹೋಗಿ ಕುಂದರ್ತೈತಿ.”

“ನೀ ಹೆಂಗ ಮಾಡಿದ್ರೂ ನಡೀತೈತಪಾ, ಅಮಾಸಿ ದಿನ ಮುಂಜಾನಿ ಕಾಣಬೇಕು,” ಎಂದರು ಅಂದಾನಪ್ಪ.

ಬಾಗಿಲು ತೆರೆಯಿತು. ಹೆಸರುಗಳು ಅಕ್ಷರದ ಸರತಿಯಲ್ಲಿ ಒಂದೊಂದಾಗಿ ಬಂದವು. ಪುಟ ಒಬ್ಬರನ್ನು ಕರೆಯುತ್ತದೆ, ಅವರ ವಿವರವನ್ನು ನನ್ನ ಬಾಗಿಲ ಹೊರಗಿನ ಜಗುಲಿಯ ಮೇಲಿಡುತ್ತದೆ, ನಾನು ತೆಗೆದುಕೊಂಡು ತೋರಿಸುತ್ತೇನೆ. ಮತ್ತೊಬ್ಬರು ಬರುತ್ತಾರೆ. ಫಕ್ಕೀರಪ್ಪನಿಗಿಂತ ಒಂದು ಹೆಜ್ಜೆ ಮುಂದೆ ಪರಸಪ್ಪ ಎಂಬುವವರು ಇದ್ದರು. ಕೇಶ್ವಾಪುರದ ಕಡೆಯವರು, ಅದೇ ವರ್ಷ ಆಗಸ್ಟ್ ಹನ್ನೊಂದಕ್ಕೆ ತೀರಿಕೊಂಡಿದ್ದರು. ಅವರ ದಿನಾಂಕ ಜಗುಲಿಯ ಮೇಲೆ ಬಂತು, ನಾನು ತೋರಿಸಿದೆ. ಮುಂದೆ ಫಕ್ಕೀರಪ್ಪ ಬಂದ. ಹೊಸ ಹೆಸರು ಬಂತು, ಹೊಸ ಫೋಟೋ ಬಂತು, ಹೊಸ ಊರು ಬಂತು. ದಿನಾಂಕ ಮಾತ್ರ ಅವನಿಗೆ ಇರಲಿಲ್ಲ. ಇಲ್ಲ ಎಂದು ಯಾರೂ ಜಗುಲಿಯನ್ನು ಒರೆಸಿರಲಿಲ್ಲ. ಪರಸಪ್ಪನವರ ದಿನಾಂಕ ಅಲ್ಲೇ ಬಿದ್ದಿತ್ತು. ಹಿಂದಿನ ಪಂಕ್ತಿಯವರ ಎಂಜಲೆಲೆ ತೆಗೆಯದೆ ಮುಂದಿನವರನ್ನು ಕೂರಿಸಿದ ಹಾಗಾಯಿತು. ಬಾಗಿಲು ತೆರೆದಿತ್ತು, ದಿನಾಂಕ ಒಳಗೆ ಬಂತು. ಕೊಟ್ಟರೆ ತೋರಿಸು ಎಂದು ನನಗೆ ಹೇಳಿದ್ದಾರೆ. ಕೊಟ್ಟವರು ಯಾರು, ಯಾರದ್ದು ಎಂದು ಕೇಳುವ ಬಾಯಿ ನನಗಿಲ್ಲ. ನಿಧನದ ದಿನಾಂಕ ಬಂದದ್ದಕ್ಕೆ ನನ್ನ ನೀಲಿ ಅಂಚೂ ಬೂದಿಯಾಯಿತು.

ಅಮಾವಾಸ್ಯೆಯ ಬೆಳಿಗ್ಗೆ ಶಿವಲೀಲಾ ಪುಟ ತೆರೆದಳು. ನೀಲವ್ವ ಹೋಳಿಗೆಗೆ ಕಣಕ ನಾದುತ್ತಿದ್ದಳು. ಕೆಳಗಿನಿಂದ ನನಗೆ ಕಂಡದ್ದು ಹೊಗೆ ಹಿಡಿದ ಜಂತೆ, ಮಗಳ ಗದ್ದ, ಆ ಗದ್ದ ನಡುಗಲು ಶುರುವಾದದ್ದು.

“ಅವ್ವಾ… ಅಪ್ಪಂದು ಕೆಳಗ ಹಾಕ್ಯಾರ.”

ನಾದುವ ಕೈ ನಿಂತಿತು. “ಏನಂತ?”

“ನಿಧನ ಅಂತ. ಆಗಸ್ಟ್ ಹನ್ನೊಂದು.”

“ಯಾವ ವರ್ಷದ್ದು?”

“ಈ ವರ್ಷದ್ದಬೇ. ಹೋದ ತಿಂಗಳದ ಹಿಂದಿನ ತಿಂಗಳು.”

ನೀಲವ್ವ ಅಳಲಿಲ್ಲ. ಕಣಕ ಮೆತ್ತಿದ ಕೈಯಲ್ಲೇ ಫೋನನ್ನು ಇಸಿದುಕೊಂಡಳು. ಅವಳ ಮುಖ ನನ್ನ ಮೇಲೆ ಬಾಗಿತು. ಓದಲು ಬಾರದ ಕಣ್ಣು ಆ ಸಾಲಿನ ಮೇಲೆ ಅತ್ತಿಂದಿತ್ತ ಓಡಾಡಿತು.

“ಹಂಗಾರ ಇಷ್ಟು ವರ್ಷ ಇದ್ದ,” ಎಂದಳು. “ಇದ್ದೂ ಬರ್ಲಿಲ್ಲ. ಮೊನ್ನಿ ಮೊನ್ನಿತನಕ ಇದ್ದ. ಎಲ್ಲಿ ಉಂಡನೋ, ಯಾರ್ ಮನ್ಯಾಗ ಮಲಗಿದನೋ! ಬರಬಾರ್ದಾಗಿತ್ತೇನೋ ಪುಣ್ಯಾತ್ಮ, ಬಂದು ನನ್ನ ಮುಂದ ಸಾಯಬಾರ್ದಾಗಿತ್ತೇನೋ!” ಆಮೇಲೆ ಅತ್ತಳು. ಓಣಿಗೆ ಓಣಿಯೇ ಬಂದು ಬಾಗಿಲಲ್ಲಿ ನಿಂತಿತು.

ಓಣಿಯ ಹಿರಿಯ ಮುದುಕಿಯೊಬ್ಬಳು ಒಳಗೆ ಬಂದಳು. ಮಾಡಬೇಕಾದ್ದನ್ನು ಮಾಡಬೇಕಲ್ಲ ಎಂದಳು. ಹಣೆ ಒರೆಸಿದರು. ಹೊಸ್ತಿಲ ಬಳಿ ಬಳೆ ಒಡೆದರು. ಗಾಜು ಒಡೆದ ಸಪ್ಪಳ ನನಗೆ ಕೇಳಿಸಿತು. ನಾನು ತೋರಿಸುತ್ತಲೇ ಇದ್ದೆ, ಆಗಸ್ಟ್ ಹನ್ನೊಂದು, ಆಗಸ್ಟ್ ಹನ್ನೊಂದು.

ಎಡೆ ಇಡಲು ಫೋಟೋ ಬೇಕು. ಲಗ್ನದ ಫೋಟೋ ಇಡುವಂತಿಲ್ಲ, ಅದರಲ್ಲಿ ಬದುಕಿರುವ ನೀಲವ್ವನೂ ಇದ್ದಾಳೆ. ಬದುಕಿದವರ ಮುಂದೆ ಎಡೆ ಇಡಬಾರದು. ಅದಕ್ಕೆ ಶಿವಲೀಲಾ ಫೋನನ್ನೇ ಗೋಡೆಗೆ ಆನಿಸಿ ಇಟ್ಟಳು. ಪರದೆ ಕಪ್ಪಾದಾಗಲೆಲ್ಲ ಮುಟ್ಟಿ ಬೆಳಗಿಸಿದಳು. ನನ್ನ ಮುಂದೆ ಬಾಳೆ ಎಲೆ ಹಾಸಿದರು. ನೀಲವ್ವ ತಾನೇ ಬಡಿಸಿದಳು. ತುದಿಗೆ ಉಪ್ಪು, ಪಕ್ಕಕ್ಕೆ ಅವನಿಗೆ ಪ್ರೀತಿಯಾದ ಅಗಸಿ ಚಟ್ನಿ, ಬದನೆಕಾಯಿ ಎಣಗಾಯಿ, ಅನ್ನ, ಕಟ್ಟಿನ ಸಾರು, ಹೋಳಿಗೆ, ಹೋಳಿಗೆಯ ಮೇಲೆ ತುಪ್ಪ. ಇಷ್ಟು ವರ್ಷ ಡಬ್ಬಿಯಲ್ಲಿ ಕೂತಿದ್ದ ಹೋಳಿಗೆ ಅವತ್ತು ಎಲೆಗೆ ಬಂತು. “ಉಣ್ಣಪಾ,” ಎಂದಳು. “ತಪ್ಪಾತು. ನಂಗ ಗೊತ್ತಿರ್ಲಿಲ್ಲ, ತಡಾ ಮಾಡಿದೆ.”

ಎರಡು ದಿನ ಕಳೆದು ನೀಲವ್ವ ಕಚೇರಿಯ ಮೆಟ್ಟಿಲು ಹತ್ತಿ ಬಂದಳು. ಗುರುಶಾಂತನ ಕಂಪ್ಯೂಟರಿನಲ್ಲಿ ‘ನಮ್ಮವರು’ ಪುಟ ತೆರೆದೇ ಇತ್ತು, ಹಾಗಾಗಿ ನಾನೂ ಅಲ್ಲಿದ್ದೆ. ಅವಳದು ಬರಿ ಹಣೆ, ಬಳೆಯಿಲ್ಲದ ಕೈ. ಕೈಯಲ್ಲಿ ಸ್ಟೀಲಿನ ಡಬ್ಬಿ.

“ಹೋಳಿಗಿ ತಂದೀನ್ರಿ,” ಎಂದಳು. “ನೀವು ನಮ್ಮ ಪಾಲಿಗೆ ದೇವ್ರು ಬಂದಂಗ ಬಂದ್ರಿ. ಪೊಲೀಸ್ರಿಗೆ ಸಿಗದಿದ್ದು ನಿಮಗ ಸಿಕ್ತು. ಒಂದ್ ಮಾತು ಕೇಳಾಕ ಬಂದೀನಿ. ಎಲ್ಲಿ ಹೋದ್ರೀ ಅವರು? ಯಾವ ಊರಾಗ? ಆ ಜಾಗಾದ್ದು ಒಂದ್ ಹಿಡಿ ಮಣ್ಣು ತರಬೇಕಂತ ಮಾಡೀನಿ.”

ಅಂದಾನಪ್ಪನವರಿಗೆ ಏನೂ ತಿಳಿಯಲಿಲ್ಲ. “ಕುಂದರವಾ, ನೀರು ಕುಡಿ,” ಎಂದು ಅವಳನ್ನು ಬಾಗಿಲ ಬಳಿಯ ಬೆಂಚಿನ ಮೇಲೆ ಕೂರಿಸಿ, ಗುರುಶಾಂತನ ಪಕ್ಕಕ್ಕೆ ಬಂದು ಪರದೆಯೊಳಗೆ ಇಣುಕಿದರು. ಗುರುಶಾಂತ ನನ್ನನ್ನು ನೋಡಿದ. ನನ್ನ ಮೇಲಿನ ಚೌಕದಲ್ಲಿದ್ದ ಪರಸಪ್ಪನವರನ್ನು ನೋಡಿದ. ಮತ್ತೆ ನನ್ನನ್ನು ನೋಡಿದ. ಸಣ್ಣ ದನಿಯಲ್ಲಿ ಬಾಗಲಕೋಟೆಗೆ ಫೋನು ಹಚ್ಚಿದ.

“ಬಾಗಿಲಾ ತಗದೀಯಲ್ಲ?” ಎಂದಳು ಅನಸೂಯಾ, ಅವನು ಅರ್ಧ ಹೇಳುವಷ್ಟರಲ್ಲೇ.

ಅಂದಾನಪ್ಪನವರು ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟರು. ಗುರುಶಾಂತನ ಕಿವಿಯಲ್ಲಿ ಪಿಸುಗುಟ್ಟಿದರು. “ಹೇಳಬ್ಯಾಡ ಬಿಡಪಾ. ಆಕಿ ಮಾರಿ ನೋಡು. ಎಷ್ಟೋ ವರ್ಷಕ್ಕ ಸಮಾಧಾನ ಆಗೇತಿ ಆಕಿಗೆ. ಯಾವುದೋ ಒಂದು ಊರು ಹೇಳಿ ಕಳಸೂನು. ಮಣ್ಣು ಎಲ್ಲಿದ್ದರ ಏನು, ಮಣ್ಣ ಅಲ್ಲೇನು?”

ಫೋನಿನಲ್ಲಿ ಅನಸೂಯಾ ಅದನ್ನು ಕೇಳಿಸಿಕೊಂಡಳು. “ಸರ, ಹಂಗ ಮಾಡಬ್ಯಾಡ್ರಿ. ಆಕಿ ಜೀವ ಇರೂತನಕ ಆ ದಿನಾ ಎಡಿ ಇಡ್ತಾಳ. ಆ ದಿನಾ ಫಕ್ಕೀರಪ್ಪಂದಲ್ರಿ, ಪರಸಪ್ಪಂದು. ಗುರುಶಾಂತ, ನೀನ ಹೇಳಬೇಕು. ಈಗ ಹೇಳಬೇಕು.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಗುರುಶಾಂತ ಮೊದಲು ನನ್ನ ಹೆಸರೇ ಹೇಳಿದ. ಟೆಂಪ್ಲೇಟ್ ತಪ್ಪಾಗಿತ್ತು ಅಕ್ಕಾರ ಎಂದ. ನೀಲವ್ವ ಅರ್ಥವಾಗದೆ ಅವನ ಮುಖ ನೋಡಿದಳು. ಆಗ ಅವನಿಗೇ ನಾಚಿಕೆಯಾಯಿತು. ಬೆಂಚಿನ ಮುಂದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ.

“ನಾ ತಪ್ಪು ಮಾಡೀನ್ರಿ ಅಕ್ಕಾರ. ಅದು ನಿಮ್ಮ ಯಜಮಾನರ ದಿನಾ ಅಲ್ಲ. ಅವರಕಿಂತ ಮೊದಲು ಇದ್ದವರದು. ಅದು ಬಂದು ಇವರ ಹೆಸರಿನ ಕೆಳಗ ಕುಂತೈತಿ. ನಾ ನೋಡ್ಲಿಲ್ಲ.”

“ಹಂಗಾದ್ರ,” ಎಂದಳು ನೀಲವ್ವ. “ಹಂಗಾದ್ರ ಜೀವಂತ ಅದಾರೇನು?”

“ಗೊತ್ತಿಲ್ರಿ.”

“ಸತ್ತಾರೇನು?”

“ಅದೂ ಗೊತ್ತಿಲ್ರಿ.”

ಡಬ್ಬಿ ಅವಳ ತೊಡೆಯ ಮೇಲೆ ಇತ್ತು. ಅದನ್ನು ಎರಡೂ ಕೈಯಿಂದ ಹಿಡಿದುಕೊಂಡಳು. “ಇದ್ದವಗ ಎಡಿ ಇಟ್ಟೆನೇನೋ ನಾನು,” ಎಂದಳು. “ಯವ್ವಾ! ಉಣ್ಣಪಾ ಅಂತ ಕರದ್ನಲ್ಲ! ಎಲ್ಲೋ ಕುಂತು ಅಂವಗ ಎದಿಯಾಗ ಝಳಕ್ ಅಂದಿರ್ತೈತಿ.”

ಕೆಳಗಿನ ಅಂಗಡಿಯಲ್ಲಿ ಎಣ್ಣೆ ಚುರುಗುಟ್ಟುತ್ತಿತ್ತು. ಗುರುಶಾಂತ ಎದ್ದು ಬಂದು, ಕಣ್ಣೊರೆಸಿಕೊಂಡು, ನನ್ನ ಬಾಗಿಲು ಮುಚ್ಚಿ, ಫಕ್ಕೀರಪ್ಪನ ಫೋಟೋ, ಹೆಸರು, ಊರು ಮಾತ್ರ ನನ್ನ ಕೈಗೆ ಕೊಟ್ಟ. ಪುಟವನ್ನು ಮತ್ತೆ ತೆರೆದ. ನೀಲವ್ವ ಎದ್ದು ಬಂದು ಅವನ ಕುರ್ಚಿಯ ಹಿಂದೆ ನಿಂತಿದ್ದಳು. ಬೂದಿ ಅಂಚು ಹೋಗಿ ನೀಲಿ ಬಂತು.

“ಹೋತೇನು?”

“ಹೋತ್ರಿ.”

“ಏನೂ ಇಲ್ಲೇನು ಈಗ ಅಲ್ಲಿ?”

“ಏನೂ ಇಲ್ರಿ.”

“ಎರಡು ರಾತ್ರಿ ನಿದ್ದಿ ಮಾಡೀನಿ,” ಎಂದಳು ನೀಲವ್ವ. “ಅಂವ ಹೋದಾಗಿಂದ ಈ ಎರಡ ರಾತ್ರಿ ನಾ ನಿದ್ದಿ ಮಾಡಿದ್ದು. ಅದನ್ನೂ ತಗೊಂಡ್ರಿ.” ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಾಗಿದ್ದರೆ ನನಗೂ ಎಷ್ಟೋ ಮೇಲಾಗುತ್ತಿತ್ತು. ಹೋಳಿಗೆಯ ಡಬ್ಬಿಯನ್ನು ಟೇಬಲ್ಲಿನ ಮೇಲೆ ಬಿಟ್ಟು ಮೆಟ್ಟಿಲು ಇಳಿದಳು. ಆ ಹೋಳಿಗೆಯನ್ನು ಅವರಿಬ್ಬರೂ ಮುಟ್ಟಲಿಲ್ಲ.

ಆಮೇಲೆ ನಡೆದದ್ದು ತುಂಡು ತುಂಡಾಗಿ ನನಗೆ ಗೊತ್ತು, ಶಿವಲೀಲಾ ನನ್ನನ್ನು ತೆರೆದಾಗ ಕೇಳಿಸಿದಷ್ಟು. ಓಣಿಯಲ್ಲಿ ಎರಡು ಪಕ್ಷಗಳಾದವು. ಗಂಡ ಸತ್ತಿಲ್ಲವೆಂದ ಮೇಲೆ ಕುಂಕುಮ ಹಚ್ಚಿಕೊಳ್ಳಲಿ ಎಂದು ಕೆಲವರು. ಒಮ್ಮೆ ಒರೆಸಿದ ಹಣೆಗೆ ಮತ್ತೆ ಹಚ್ಚಿದರೆ ಮನೆಗೆ ಕೇಡು ಎಂದು ಕೆಲವರು. ಬಳೆ ಒಡೆಸಿದ ಮುದುಕಿ ತಾನೇ ಬಂದು ಅತ್ತು ಹೋದಳಂತೆ. ಮದುವೆ ಮುಂಜಿಗೆ ನೀಲವ್ವನನ್ನು ಕರೆಯಬೇಕೋ ಬಾರದೋ ಎಂದು ತಿಳಿಯದೆ ಜನ ಕರೆಯುವುದನ್ನೇ ಬಿಟ್ಟರು. ಮೊದಲು ಫಕ್ಕೀರಪ್ಪನೊಬ್ಬ ಕಾಣೆಯಾಗಿದ್ದ. ಈಗ ಅವಳೂ ಅತ್ತಲೂ ಅಲ್ಲ, ಇತ್ತಲೂ ಅಲ್ಲ.

ಗುರುಶಾಂತ ಆ ವರ್ಷವೇ ಕೆಲಸ ಬಿಟ್ಟು ಹೋದ. ಹೋಗುವತನಕ ನನ್ನ ಬಾಗಿಲನ್ನು ದಿನವೂ ಒಮ್ಮೆ ಮುಟ್ಟಿ ನೋಡುತ್ತಿದ್ದ. ಅಂದಾನಪ್ಪನವರಿಗೆ ಕಣ್ಣು ಮಂಜಾಯಿತು, ‘ಓಣಿ ಸುದ್ದಿ’ಯನ್ನು ಬೇರೆಯವರಿಗೆ ಒಪ್ಪಿಸಿದರು. ಹೊಸಬರು ಹೊಸ ಪದ್ಧತಿ ತಂದರು, ಹೊಸ ಚೌಕಗಳನ್ನು ಮಾಡಿಕೊಂಡರು. ಅವು ಮೈ ತುಂಬ ಮಿಂಚುತ್ತವೆ, ಮುಟ್ಟಿದರೆ ತಿರುಗುತ್ತವೆ. ನನ್ನನ್ನು ಅಳಿಸಲೂ ಇಲ್ಲ, ಕರೆಯಲೂ ಇಲ್ಲ. ಹಳೆಯ ಸರ್ವರಿನ ಒಂದು ಮೂಲೆಗೆ ತಳ್ಳಿದರು. ಇಲ್ಲಿ ನನ್ನ ಸುತ್ತ ನನ್ನಂಥವೇ ಎಷ್ಟೋ ಇವೆ. ಲಗ್ನಪತ್ರಿಕೆಯ ಅಂಚು, ಮುಗಿದುಹೋದ ಚುನಾವಣೆಯ ಜಾಹೀರಾತು ಪಟ್ಟಿ, ಯಾವುದೋ ಹಬ್ಬದ ತೋರಣ. ಯಾರೂ ಯಾರೊಡನೆಯೂ ಮಾತಾಡುವುದಿಲ್ಲ.

ವರ್ಷಕ್ಕೊಮ್ಮೆ ಮಾತ್ರ ನನಗೆ ಕರೆ ಬರುತ್ತದೆ. ಹಳೆಯ ವಿಳಾಸವನ್ನು ಶಿವಲೀಲಾ ಉಳಿಸಿಕೊಂಡಿದ್ದಾಳೆ. ಮಹಾನವಮಿ ಅಮಾವಾಸ್ಯೆಯ ದಿನ ಧಡಕ್ಕನೆ ಎಚ್ಚರವಾಗುತ್ತದೆ, ಹಸಿರು ಸೀರೆಯ ಚೂರಿರುವ ಆ ಫೋಟೋವನ್ನು ಎತ್ತಿಕೊಂಡು ಓಡುತ್ತೇನೆ.

ಈ ಸಲವೂ ಹೋದೆ. ಫೋನನ್ನು ಗೋಡೆಗೆ ಆನಿಸಿ ಇಟ್ಟರು. ನೀಲವ್ವನಿಗೆ ಕೂದಲು ಪೂರ್ತಿ ನೆರೆತಿದೆ. ಹಣೆಯಲ್ಲಿ ಕುಂಕುಮವಿತ್ತು, ಕೈಯಲ್ಲಿ ಬಳೆ ಇರಲಿಲ್ಲ. ನೆಲ ಸಾರಿಸಿ, ಬಾಳೆ ಎಲೆ ತೊಳೆದು, ನನ್ನ ಮುಂದೆ ಹಾಸಿದಳು. ಒಳಗಿನಿಂದ ಹೋಳಿಗೆ ಬೇಯುವ ವಾಸನೆ ಬರುತ್ತಿದ್ದಿರಬೇಕು, ನನಗೆ ಮೂಗಿಲ್ಲ. ಬಡಿಸುತ್ತಾಳೆಂದು ಕಾದೆ. ಬಡಿಸಲಿಲ್ಲ. ಉಪ್ಪು ಸಹ ಇಡಲಿಲ್ಲ. ಖಾಲಿ ಎಲೆಯ ಆಚೆ ಬದಿಗೆ ಗೋಡೆಗೊರಗಿ ಕೂತು ಗಂಡನ ಮುಖವನ್ನು ನೋಡಿದಳು. ಆಮೇಲೆ ಎಂದಿನಂತೆ ಅವಳ ಕಣ್ಣು ಹೆಸರು ದಾಟಿ, ಊರು ದಾಟಿ, ನನ್ನ ತಳಕ್ಕೆ ಇಳಿಯಿತು. ಏನಿದೆ ಎಂದು ಈ ಸಲ ಮಗಳನ್ನು ಕೇಳಲಿಲ್ಲ.

“ಎಲಿ ಹಾಕೀನಿ,” ಎಂದಳು ಅವನಿಗೆ. “ಇದ್ರ ಇದೀನಿ ಅನ್ನು, ಹೋಗಿದ್ರ ಹೋಗೀನಿ ಅನ್ನು. ನಿನ್ನ ಬಾಯಿಲೆ ನೀನ ಹೇಳು. ಆಮ್ಯಾಲೆ ಬಡಸ್ತೀನಿ.”

ಅನಸೂಯಾ ನನ್ನನ್ನು ಮಾಡಿದ ದಿನ ಹೇಳಿದ ಮಾತು ನೆನಪಾಯಿತು. ನಾ ಎಲಿ ಹಾಕಾಕತ್ತೀನಿ, ಬಡಸೂದು ಆಮ್ಯಾಲೆ. ಎಷ್ಟು ಸಾವಿರ ಮುಖಗಳನ್ನು ಹೊತ್ತಿದ್ದೇನೋ, ಲೆಕ್ಕ ಇಟ್ಟಿಲ್ಲ. ಒಬ್ಬರಿಗಾದರೂ ನಾನಾಗಿ ಒಂದಕ್ಷರ ಕೊಟ್ಟವನಲ್ಲ. ಕೊಡುವ ಹಾಗಿದ್ದರೆ ಆ ಹೊತ್ತು ನೀಲವ್ವನಿಗೆ ಒಂದು ದಿನಾಂಕ ಕೊಟ್ಟುಬಿಡುತ್ತಿದ್ದೆ, ಇಲ್ಲವೇ ‘ಬರುತ್ತಿದ್ದಾನೆ’ ಎಂದು ಬರೆಯುತ್ತಿದ್ದೆ. ಸುಳ್ಳಾದರೂ ಪರವಾಗಿಲ್ಲ ಎನ್ನಿಸಿತು. ನನ್ನ ಬಾಗಿಲು ಮುಚ್ಚಿತ್ತು.

ಪರದೆ ಕಪ್ಪಾಯಿತು. ಶಿವಲೀಲಾ ಮುಟ್ಟಿ ಬೆಳಗಿಸಲು ಬಂದಳು. “ಸಾಕು ಬಿಡು,” ಎಂದಳು ನೀಲವ್ವ. ಖಾಲಿ ಎಲೆಯನ್ನು ಮಡಿಚಿ ಹೊರಗೆ ಒಯ್ದಳು. ಆಕಳ ಕೊರಳಗಂಟೆ ಕೇಳಿಸಿತು.

ಈ ಹಳೆಯ ಸರ್ವರನ್ನು ಈ ತಿಂಗಳ ಕೊನೆಗೆ ಮುಚ್ಚುತ್ತಾರಂತೆ. ಮುಂದಿನ ಅಮಾವಾಸ್ಯೆಗೆ ಶಿವಲೀಲಾ ಈ ವಿಳಾಸ ತೆರೆದರೆ ಏನೂ ಬರುವುದಿಲ್ಲ, ಫೋಟೋ ಇಲ್ಲ, ಹೆಸರಿಲ್ಲ, ಊರೂ ಇಲ್ಲ. ನೀಲವ್ವ ಆಗಲೂ ನೆಲ ಸಾರಿಸಿ, ಎಲೆ ತೊಳೆದು, ಗೋಡೆಯ ಮುಂದೆ ಹಾಸಿ ಕೂರುತ್ತಾಳೆ.